ಸಂಪಾದಕರ ಉತ್ತರ: ಕರಪತ್ರದ ‘ಸಂಶೋಧನೆ’ಯನ್ನು ಓದುವುದು ಹೇಗೆ?

ಶಿರಸಿ ತಾಲೂಕಿನ ಬೆಳೆಗಾರರೊಬ್ಬರ ಪತ್ರ: “ಸಭೆಯಲ್ಲಿ ಹಂಚಿದ ಕರಪತ್ರವೊಂದನ್ನು ಜೊತೆಗಿಟ್ಟಿದ್ದೇನೆ. ಅಡಿಕೆಯಿಂದ ಕ್ಯಾನ್ಸರ್ ಇಲ್ಲ, ದೋಷವೆಲ್ಲ ತಂಬಾಕಿನದು ಎಂದು ಸಂಶೋಧನೆಯೇ ಹೇಳಿದೆಯಂತೆ. ಪೇಪರಿನಲ್ಲಿ ಬೇರೆಯೇ ಓದುತ್ತೇವೆ. ನಂಬುವುದು ಯಾವುದನ್ನು?”

ಕರಪತ್ರ ಓದಿದೆವು. ಅದರಲ್ಲಿ ಕಟ್ಟುಕಥೆಯಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅಡಿಕೆ ಸಾರ ಹಾಕಿ ನೋಡಿದ ಪ್ರಯೋಗವೊಂದನ್ನು ಎತ್ತಿಕೊಂಡಿದ್ದಾರೆ. ಆದರೆ ಮೂವತ್ತು ವರ್ಷ ದಿನಕ್ಕೆ ಏಳೆಂಟು ಕವಳ (ಎಲೆ-ಅಡಿಕೆ) ಹಾಕಿದವರ ಬಾಯಿಗೆ ಏನಾಗುತ್ತದೆ ಎಂದು ಆ ತಟ್ಟೆಯನ್ನು ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳಿಸಿದ್ದು ಕರಪತ್ರ.

ಇದು ಹಳೆಯ ವಿದ್ಯೆ. 1953ರ ಡಿಸೆಂಬರಿನಲ್ಲಿ ಅಮೆರಿಕದ ಸಿಗರೇಟ್ ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿದರು. ಮರುತಿಂಗಳು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಜಾಹೀರಾತು ಬಂತು: ನಾವೇ ಹಣ ಹಾಕಿ ಸಂಶೋಧನೆ ಮಾಡಿಸುತ್ತೇವೆ. ಮಾಡಿಸಿದರು ಕೂಡ. ಅದರಲ್ಲಿ ಬಹುಪಾಲು ಕ್ಯಾನ್ಸರಿಗೆ ಸಿಗರೇಟನ್ನು ಬಿಟ್ಟು ಬೇರೆ ಕಾರಣಗಳನ್ನು ಹುಡುಕುವಂಥದ್ದು. 1969ರ ಕಂಪನಿಯೊಂದರ ಒಳಟಿಪ್ಪಣಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿತು: ‘ಸಂದೇಹವೇ ನಮ್ಮ ಸರಕು.’ ಗೆಲ್ಲಬೇಕೆಂದೇನಿಲ್ಲ, ‘ಇನ್ನೂ ತೀರ್ಮಾನವಾಗಿಲ್ಲ’ ಎಂದರೆ ಸಾಕು, ಕಾನೂನು ತಡವಾಗುತ್ತದೆ.

ಸಕ್ಕರೆ ಉದ್ಯಮದ್ದು ಇನ್ನೂ ನಯವಾದ ಕೆಲಸ. ಹಾರ್ವರ್ಡಿನ ಸಂಶೋಧಕರಿಗೆ ಸುಮಾರು 6,500 ಡಾಲರ್ ಕೊಟ್ಟು ಬರೆಸಿದ ಸಮೀಕ್ಷೆ 1967ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೃದ್ರೋಗಕ್ಕೆ ಸಕ್ಕರೆಯನ್ನು ದೂರುವ ಅಧ್ಯಯನಗಳನ್ನು ಕಟ್ಟುನಿಟ್ಟಿನ ತಕ್ಕಡಿಯಲ್ಲಿ, ಕೊಬ್ಬನ್ನು ದೂರುವವನ್ನು ಸಡಿಲ ತಕ್ಕಡಿಯಲ್ಲಿ ತೂಗಿದ್ದರು. ಹಣ ಯಾರದೆಂದು ಬಯಲಾದದ್ದು 2016ರಲ್ಲಿ.

ನಮ್ಮಲ್ಲಿ? 2015ರಲ್ಲಿ ತಂಬಾಕು ಪೊಟ್ಟಣದ ಶೇ 85 ಭಾಗಕ್ಕೆ ಎಚ್ಚರಿಕೆಯ ಚಿತ್ರ ಹಾಕಿಸುವ ನಿಯಮ ಏಪ್ರಿಲ್ 1ಕ್ಕೆ ಜಾರಿಯಾಗಬೇಕಿತ್ತು. ತಂಬಾಕಿಗೂ ಕ್ಯಾನ್ಸರಿಗೂ ನಂಟಿದೆಯೆಂದು ಭಾರತೀಯ ಅಧ್ಯಯನವೇ ಇಲ್ಲ ಎಂದು ಅದನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಅಧ್ಯಕ್ಷರೇ ಹೇಳಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1960ರ ದಶಕದಿಂದಲೇ ಹಳ್ಳಿಹಳ್ಳಿಗೆ ಹೋಗಿ ಬಾಯಿ ಪರೀಕ್ಷಿಸಿ ಬರೆದಿಟ್ಟಿದ್ದರು. ಆದರೂ ನಿಯಮ ಒಂದು ವರ್ಷ ಮುಂದೆ ಹೋಯಿತು.

ಇನ್ನು ಅಡಿಕೆ. ಈ ಪತ್ರಿಕೆಗೂ ಅಡಿಕೆ ವ್ಯಾಪಾರಿಗಳ ಜಾಹೀರಾತು ಬರುತ್ತದೆ, ತಿಳಿದೇ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ತಂಬಾಕು ಹಾಕಿದ ಕವಳ ಕ್ಯಾನ್ಸರ್‌ಕಾರಕ, ತಂಬಾಕಿಲ್ಲದ್ದಕ್ಕೆ ಪುರಾವೆ ಸಾಲದು ಎಂದಿತ್ತು. ಕರಪತ್ರಗಳು ಇಲ್ಲಿಗೇ ನಿಲ್ಲುತ್ತವೆ. ತೈವಾನಿನವರು ತಂಬಾಕಿಲ್ಲದೆ ಅಡಿಕೆ ಜಗಿಯುತ್ತಾರೆ. ಅಲ್ಲಿನ ಅಧ್ಯಯನಗಳೂ ಸೇರಿದ ಮೇಲೆ 2004ರಲ್ಲಿ ಪ್ರಕಟವಾದ ಅದೇ ವಿಭಾಗದ ವರದಿ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಒಂದನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಖಚಿತವಾದವುಗಳ ಸಾಲಿಗೆ, ಸೇರಿಸಿತು. ಆದರೆ ಈ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂದು, ಅಪಾಯ ಎಷ್ಟು ದೊಡ್ಡದು ಎಂದಲ್ಲ. ಮದುವೆಮನೆಯಲ್ಲಿ ಒಂದು ಕವಳ ಹಾಕಿದವರನ್ನು ಹೆದರಿಸುವವರು ಇದನ್ನು ಮರೆಯುತ್ತಾರೆ.

ಕರಪತ್ರ ಹಂಚಿದವರಲ್ಲಿ ಪ್ರಬಂಧದ ಪೂರ್ತಿ ಪ್ರತಿ ಕೇಳಿ. ಮೊದಲು ಕೊನೆಯ ಪುಟ ತೆರೆಯಿರಿ, ಹಣ ಕೊಟ್ಟವರ ಹೆಸರು ಸಾಮಾನ್ಯವಾಗಿ ಅಲ್ಲಿರುತ್ತದೆ. ಅಧ್ಯಯನ ಮನುಷ್ಯರ ಮೇಲೆಯೋ, ಇಲಿಯ ಮೇಲೆಯೋ? ಎಷ್ಟು ಕಾಲ? ಬಾಯಿಯ ಕ್ಯಾನ್ಸರ್ ಬಲಿಯಲು ಎಷ್ಟೋ ವರ್ಷ ಬೇಕು, ಆರು ವಾರದ ಅಧ್ಯಯನದಲ್ಲಿ ಅದು ಕಾಣದಿರುವುದು ಸಹಜ. ಜಗಿಯುವವರನ್ನು ಯಾರ ಜೊತೆ ಹೋಲಿಸಿದ್ದಾರೆ? ಗುಟ್ಕಾ ತಿನ್ನುವವರ ಜೊತೆ ಹೋಲಿಸಿದರೆ ಬರಿ ಅಡಿಕೆ ಒಳ್ಳೆಯದಾಗಿಯೇ ಕಾಣುತ್ತದೆ. ಏನೂ ಜಗಿಯದವರ ಪಕ್ಕದಲ್ಲಿ ಇಟ್ಟು ನೋಡಬೇಕು.

ತೋಟ ನಂಬಿದವರ ಬದುಕಿನ ಪ್ರಶ್ನೆ ಬೇರೆ, ಅದು ನ್ಯಾಯವಾದದ್ದು. ದರ, ಸಾಲ, ಪರ್ಯಾಯ ಬೆಳೆ ಎಂದೇ ಅದನ್ನು ಸರ್ಕಾರದ ಮುಂದಿಡಲಿ, ಜೀವಕೋಶದ ತಟ್ಟೆಯ ಹಿಂದೆ ಅಡಗಿಸುವುದು ಬೇಡ.

ಮನೆಯಲ್ಲಿ ದಿನವೂ ಕವಳ ಹಾಕುವವರಿದ್ದರೆ ಬಾಯಿ ತೆರೆಸಿ, ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ, ಅಥವಾ ಖಾರ ತಾಗಿದೊಡನೆ ಬಾಯಿ ಉರಿದರೆ, ಅಡಿಕೆ ಬಿಡಿಸಿ ಹಲ್ಲಿನ ಡಾಕ್ಟರಿಗೆ ತೋರಿಸಿ.