ತೋಟ, ಹೊಲ, ಹುಲ್ಲುಗಾವಲು: ಯಾವ ಮಣ್ಣಿನಲ್ಲಿ ಇಂಗಾಲ ಜಾಸ್ತಿ ಎಂದು ಅಳೆಯುವುದು ಹೇಗೆ?

ಹಣ್ಣಿನ ತೋಟ, ಉಳುವ ಹೊಲ, ಹುಲ್ಲುಗಾವಲು, ಈ ಮೂರರಿಂದಲೂ ಮೇಲಿನ 15 ಸೆಂ.ಮೀ. ಮಣ್ಣು ತೆಗೆದು ಲ್ಯಾಬ್‌ಗೆ ಕೊಟ್ಟರೆ ಸಾಕಾ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಲ್ಯಾಬ್ ಹೇಳುವುದು ಶೇಕಡಾ ಲೆಕ್ಕ. ನೆಲದಲ್ಲಿ ಒಟ್ಟು ಎಷ್ಟು ಸಾವಯವ ಇಂಗಾಲ (ಕೊಳೆತ ಎಲೆ, ಬೇರುಗಳಿಂದ ಬಂದದ್ದು) ಕೂತಿದೆ ಎಂದು ತಿಳಿಯಲು ಮಣ್ಣಿನ ಸಾಂದ್ರತೆಯೂ, ಅಂದರೆ ಒಂದು ಘನ ಸೆಂ.ಮೀ. ಮಣ್ಣಿನ ಒಣ ತೂಕ ಎಷ್ಟು ಗ್ರಾಂ ಎಂಬುದೂ ಬೇಕು. ನಾನು ಮೊದಲ ಸಲ ಅದನ್ನು ಅಳೆಯದೆ ಬಂದಿದ್ದೆ. ಎಲ್ಲ ಜಾಗಕ್ಕೂ ಮತ್ತೆ ಹೋಗಬೇಕಾಯಿತು.

ಒಂದು ಲೆಕ್ಕ ನೋಡಿ. ತೋಟದ ಮಣ್ಣಿನಲ್ಲಿ ಇಂಗಾಲ ಶೇ. 1.2, ಸಾಂದ್ರತೆ 1.1 ಎಂದುಕೊಳ್ಳಿ. ಹೊಲದಲ್ಲಿ ಶೇ. 1.0, ಸಾಂದ್ರತೆ 1.4. ಒಂದು ಹೆಕ್ಟೇರ್‌ನಲ್ಲಿ 30 ಸೆಂ.ಮೀ. ಆಳದವರೆಗೆ ತೋಟದಲ್ಲಿ 3300 ಟನ್ ಮಣ್ಣು, ಅದರಲ್ಲಿ 39.6 ಟನ್ ಇಂಗಾಲ. ಹೊಲದಲ್ಲಿ 4200 ಟನ್ ಮಣ್ಣು, 42 ಟನ್ ಇಂಗಾಲ. ಅರೆ, ಹೊಲವೇ ಗೆದ್ದಿತಲ್ವಾ? ಇಲ್ಲ. ಅಲ್ಲಿ ಮಣ್ಣು ಒತ್ತಿಕೊಂಡು ಗಟ್ಟಿಯಾಗಿದೆ. ಹಾಗಾಗಿ ಅದೇ ಆಳದಲ್ಲಿ ಜಾಸ್ತಿ ಮಣ್ಣು ಹಿಡಿದಿದೆ, ಅಷ್ಟೇ. ತೋಟದಲ್ಲೂ 4200 ಟನ್ ಮಣ್ಣು ಸಿಗಬೇಕಾದರೆ ಸುಮಾರು 38 ಸೆಂ.ಮೀ. ಆಳಕ್ಕೆ ಹೋಗಬೇಕು. ಹೋಲಿಸಬೇಕಾದ್ದು ಸಮ ಆಳವನ್ನಲ್ಲ, ಸಮ ತೂಕದ ಮಣ್ಣನ್ನು. ಅದಕ್ಕೇ ನಾನು ಈಗ 50 ಸೆಂ.ಮೀ. ತನಕ ಪದರ ಪದರವಾಗಿ ತೆಗೆಯುತ್ತೇನೆ: 0–10, 10–20, 20–30, 30–50.

ಪದರ ಬೇರೆ ಮಾಡಲು ಇನ್ನೊಂದು ಕಾರಣವೂ ಇದೆ. ಉಳುಮೆ ಬಿಟ್ಟ ನೆಲದಲ್ಲಿ ಇಂಗಾಲ ಮೇಲ್ಪದರದಲ್ಲೇ ಸೇರಿಕೊಳ್ಳುತ್ತದೆ. ಉಳುವ ಹೊಲದಲ್ಲಿ ಅದು ನೇಗಿಲು ಹೋದಷ್ಟು ಆಳಕ್ಕೂ ಕಲೆತಿರುತ್ತದೆ. ಸುಮ್ನೆ ಮೇಲಿನ 15 ಸೆಂ.ಮೀ. ನೋಡಿದರೆ ಉಳುಮೆ ಬಿಟ್ಟಿದ್ದರಿಂದ ಆದ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸಾಂದ್ರತೆಗೆ ಅಳತೆ ಗೊತ್ತಿರುವ ಲೋಹದ ಉಂಗುರ ಬೇಕು. ಅದನ್ನು ಮಣ್ಣು ಅದುಮದ ಹಾಗೆ ನಿಧಾನವಾಗಿ ಇಳಿಸಿ. ಒಳಗಿನ ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, ಉಂಗುರದ ಒಳಗಿನ ಘನ ಅಳತೆಯಿಂದ (ಘನ ಸೆಂ.ಮೀ.) ಭಾಗಿಸಿ. 2 ಮಿ.ಮೀ.ಗಿಂತ ದಪ್ಪದ ಕಲ್ಲುಗಳನ್ನು ಜರಡಿ ಹಿಡಿದು ಲೆಕ್ಕದಿಂದ ಕಳೆಯಲೇಬೇಕು. ಕಲ್ಲಿನಲ್ಲಿ ಸಾವಯವ ಇಂಗಾಲ ಇರುವುದಿಲ್ಲ.

ಲ್ಯಾಬ್‌ಗೆ ಎರಡು ಪ್ರಶ್ನೆ ಕೇಳಿ. ಮೊದಲನೆಯದು, ಯಾವ ವಿಧಾನ? ರಾಸಾಯನಿಕ ಹಾಕಿ ಇಂಗಾಲ ಅಳೆಯುವ 1934ರ ವಾಕ್ಲಿ–ಬ್ಲ್ಯಾಕ್ ವಿಧಾನವಾದರೆ ಅದರಲ್ಲಿ ಇಂಗಾಲ ಪೂರ್ತಿ ಲೆಕ್ಕಕ್ಕೆ ಸಿಗುವುದಿಲ್ಲ. ಸರಾಸರಿ ಶೇ. 77ರಷ್ಟು ಸಿಗುತ್ತದೆ ಎಂದು ಹಿಡಿದು ಸುಮಾರು 1.3ರಿಂದ ಗುಣಿಸುತ್ತಾರೆ. ನಿಮ್ಮ ವರದಿಯಲ್ಲಿ ಗುಣಿಸಿದ್ದಾರಾ ಇಲ್ಲವಾ ಎಂದು ಕೇಳಿ. ಎರಡನೆಯದು, ಮಣ್ಣಿನಲ್ಲಿ ಸುಣ್ಣ ಇದೆಯಾ? ಯಂತ್ರದಲ್ಲಿ ಉರಿಸಿ ಅಳೆಯುವ ವಿಧಾನದಲ್ಲಿ ಸುಣ್ಣದ ಇಂಗಾಲವೂ ಸೇರಿಬಿಡುತ್ತದೆ. ಮೊದಲೇ ಆಮ್ಲ ಹಾಕಿ ಅದನ್ನು ತೆಗೆಯಬೇಕು, ಇಲ್ಲವೇ ಬೇರೆಯಾಗಿ ಅಳೆದು ಕಳೆಯಬೇಕು. ಮೂರೂ ಜಾಗದ ಮಣ್ಣನ್ನು ಒಂದೇ ಲ್ಯಾಬ್‌ನಲ್ಲಿ, ಒಂದೇ ವಿಧಾನದಲ್ಲಿ ಮಾಡಿಸಿ.

ಜಾಗ ಆರಿಸುವಾಗ ಅವಸರ ಬೇಡ. ಜೇಡಿ ಮಣ್ಣು ಮರಳು ಮಣ್ಣಿಗಿಂತ ಹೆಚ್ಚು ಇಂಗಾಲ ಹಿಡಿದಿಡುತ್ತದೆ. ತೋಟ ತಗ್ಗಿನ ಜೇಡಿಯಲ್ಲಿ, ಹೊಲ ಏರಿನ ಮರಳಿನಲ್ಲಿ ಇದ್ದರೆ ನೀವು ಅಳೆದದ್ದು ಬೇಸಾಯವನ್ನಲ್ಲ, ಮಣ್ಣಿನ ಜಾತಿಯನ್ನು. ಒಂದೇ ಬಗೆಯ ಮಣ್ಣು, ಒಂದೇ ಇಳಿಜಾರು ಇರುವ ಅಕ್ಕಪಕ್ಕದ ತುಂಡುಗಳನ್ನು ಹುಡುಕಿ. ತೋಟದಲ್ಲಿ ಮರದ ಬುಡದ ಮಣ್ಣು, ಸಾಲಿನ ನಡುವಿನ ಮಣ್ಣು ಬೇರೆ ಬೇರೆ ಇರಲಿ. ಗೊಬ್ಬರ ರಾಶಿ ಹಾಕಿದ ಜಾಗ, ಬದುವಿನ ಅಂಚು ಬೇಡವೇ ಬೇಡ.

ಒಂದೊಂದು ಜಾಗದಿಂದ ಕನಿಷ್ಠ ನಾಲ್ಕೈದು ಮಾದರಿಗಳನ್ನು ಬೇರೆಬೇರೆಯಾಗಿಯೇ ಪರೀಕ್ಷೆಗೆ ಕೊಡಿ. ಎಲ್ಲ ಕಲಸಿ ಒಂದೇ ಮಾಡಿದರೆ ಒಳಗಿನ ಏರುಪೇರು ಗೊತ್ತಾಗುವುದಿಲ್ಲ, ಕಂಡ ವ್ಯತ್ಯಾಸ ನಿಜವೋ ಅಲ್ಲವೋ ಹೇಳಲು ಬರುವುದಿಲ್ಲ. ತೆಗೆದ ಜಾಗದ ಜಿಪಿಎಸ್ ಗುರುತು ಬರೆದಿಡಿ. ಇಂಗಾಲ ಬಹಳ ನಿಧಾನವಾಗಿ ಬದಲಾಗುತ್ತದೆ. ಐದಾರು ವರ್ಷ ಬಿಟ್ಟು ಅದೇ ಜಾಗಕ್ಕೆ, ಅದೇ ತಿಂಗಳಲ್ಲಿ ಹೋಗಿ ಮತ್ತೆ ಅಳೆಯಿರಿ.