ಖಣದ ಚಂಚಿಗೆ ಲಾಡಿ ಎರಡು ಬೇಕ್ರಿ

ನಮಸ್ಕಾರ್ರಿ. ಗುಳೇದಗುಡ್ಡದ ಖಣದಾಗ ಚಂಚಿ ಹೊಲದೀನಿ, ಲಾಡಿ ಜಗ್ಗಿದ್ರ ಬಾಯಿ ಒಂದೇ ಕಡೆ ಮುದುಡತೈತಿ, ಪೂರಾ ಮುಚ್ಚೂದಿಲ್ಲ ಅಂತ ಕೇಳೀರಿ. ಒಂದೇ ಲಾಡಿ ಹಾಕಿದ್ರ ಹಂಗ ಆಗೂದು.

ಮೊದಲನೇ ಲಾಡಿ ಎಡಗಡೆಯಿಂದ ಒಳಗ ಹೋಗಿ, ಮುಂದಿನ ನೇಫಾ (ಬಾಯಿ ಹತ್ರ ಲಾಡಿ ಪೋಣಿಸೂ ಮಡಿಕಿ), ಹಿಂದಿನ ನೇಫಾ ಎರಡೂ ಸುತ್ತಿ ಮತ್ತ ಎಡಗಡೆನ ಹೊರಗ ಬರಬೇಕು. ಎರಡೂ ತುದಿ ಕೂಡಿಸಿ ಗಂಟು. ಎರಡನೇದು ಬಲಗಡೆಯಿಂದ ಹೊಂಟು ಬಲಗಡೆನ ಬರಬೇಕು. ಎರಡೂ ಕೈಲೆ ಒಮ್ಮೆ ಜಗ್ಗಿದ್ರ ಬಾಯಿ ನಟ್ಟನಡುವ ಕೂಡತೈತಿ. ಇದಕ್ಕ ಎರಡೂ ಬಗಲಿನ ಹೊಲಿಗಿ ನೇಫಾದ ಹತ್ರ ಬಿಟ್ಟಿರಬೇಕು. ನೀವು ಒಂದೇ ಬಗಲು ಬಿಟ್ಟಿದ್ರ ಇನ್ನೊಂದನ್ನ ಅಲ್ಲಿಷ್ಟ ಬಿಚ್ಚರಿ, ಇಡೀ ಚಂಚಿ ಬಿಚ್ಚೂದು ಬ್ಯಾಡ. ಬಿಚ್ಚಿದ ಅಂಚು ಒಳಗ ಮಡಚಿ, ಕೆಳಗಿನ ಮೂಲ್ಯಾಗ ಸೂಜಿಲೆ ನಾಕು ಟಾಕಿ ಗಟ್ಟಿ ಹಾಕ್ರಿ. ಜಗ್ಗೂ ಭಾರ ಎಲ್ಲಾ ಅಲ್ಲೇ ಬೀಳತೈತಿ.

ನೇಫಾ ಮುಕ್ಕಾಲು ಇಂಚು ಸಾಕು. ಬಾಯಿ 8 ಇಂಚು ಅಗಲ ಇದ್ರ ಒಂದೊಂದು ಲಾಡಿ 22ರಿಂದ 24 ಇಂಚು ಹಿಡೀರಿ. ರೇಷ್ಮಿ ದಾರ ನೋಡಾಕ ಚಂದ, ಆದ್ರ ಜಾರಿ ಬಾಯಿ ಸಡಲ ಆಗತೈತಿ. ನನಗಂತೂ ಹೊಸೆದ ಹತ್ತಿ ಲಾಡಿನ ಸೇರತೈತಿ.

ಮುಂದಿನ ಸಲ ಖಣದ ದಡಿ ಬಾಯಿಕಡೆ ಬರೂ ಹಂಗ ಕತ್ತರಸ್ರಿ. ದಡಿಯ ಅಂಚಿನ ಎಳಿ ಬಿಚ್ಚಕೊಳ್ಳೂದಿಲ್ಲ, ನೇಫಾದ ಮ್ಯಾಲ ಝಾಲರಿನೂ ತಾನ ಆಗತೈತಿ. ಉಳದ ಅಂಚು ಪಿಸಿಯದಂಗ ಒಳಗ ಹಳೇ ಧೋತರದ ಅಸ್ತರ್ ಕೊಡ್ರಿ. (ಎಲಿ-ಅಡಿಕಿಗೆ ಅಂದ್ರ ಅಸ್ತರ್ ಬಿಳೀದು ಬ್ಯಾಡ, ಕಲಿ ಹೋಗೂದಿಲ್ಲ.) ಗೊಂಡೆ ಮಾತ್ರ ಲಾಡಿ ಪೋಣಿಸಿದ ಮ್ಯಾಲ ಕಟ್ಟರಿ, ಮೊದಲ ಕಟ್ಟಿದ್ರ ನೇಫಾದಾಗ ಹೋಗೂದಿಲ್ಲ.