ಫುಟ್‌ಪಾತ್ ಜಗಳ: ಸಭೆ ಕರೆಯುವ ಮುಂಚೆ

ನಿಮ್ಮ ಲೇಔಟಿನ ನಿವಾಸಿಗಳನ್ನೂ ಗಾಡಿ ವ್ಯಾಪಾರಿಗಳನ್ನೂ ಒಟ್ಟಿಗೆ ಕೂರಿಸಿದರೆ ಬರೀ ಕೂಗಾಟ ಆಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಶುರುವಿಗೇ ಒಟ್ಟಿಗೆ ಕೂರಿಸಬೇಡಿ. ಮೊದಲು ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಮಾತಾಡಿಸಿ. ವ್ಯಾಪಾರಿಗಳ ಹತ್ತಿರ ಮಧ್ಯಾಹ್ನ ಹೋಗಿ. ಬೆಳಗ್ಗೆ ಅವರು ಮಾರ್ಕೆಟ್ಟಿಗೆ ಓಡುತ್ತಾರೆ, ಸಂಜೆ ಗಿರಾಕಿ ಜಾಸ್ತಿ.

ಜಾಗ ತುಂಬಾ ಮುಖ್ಯ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಕರೆದರೆ ಸೊಪ್ಪಿನಮ್ಮ ಬಾಯಿ ಬಿಡ್ತಾರಾ? ಸರ್ಕಾರಿ ಶಾಲೆ ಅಥವಾ ಅರಳಿಕಟ್ಟೆ ವಾಸಿ. ಸಭೆ ನಡೆಸುವವರು ಎರಡೂ ಕಡೆಗೆ ಸೇರದವರಾಗಿರಲಿ, ತೀರ್ಪು ಕೊಡದಿರಲಿ. ತಮಿಳು, ಉರ್ದು ಬಲ್ಲವರೊಬ್ಬರು ಜೊತೆಗಿರಲಿ, ನಮ್ಮ ಬೆಂಗಳೂರಲ್ಲಿ ಇದು ಬೇಕೇ ಬೇಕು.

‘ಗಾಡಿ ತೆಗೆಸಬೇಕಾ?’ ಅಂತ ಕೇಳಿದರೆ ಜಗಳ ಖಾತ್ರಿ. ‘ವೀಲ್‌ಚೇರ್ ಹೋಗೋಕೆ ಎಷ್ಟು ಜಾಗ ಬಿಡೋಣ?’ ಅಂತ ಕೇಳಿ. ಟೇಪ್ ಹಿಡಿದು ಎಲ್ಲರೂ ಸೇರಿ ಅಳೆಯಿರಿ.

ಇನ್ನೊಂದು ಮಾತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ (ಊರಿನ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಅಧಿಕೃತ ಸಮಿತಿ) ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಇದನ್ನು ನಿವಾಸಿಗಳಿಗೆ ಮೊದಲೇ ತಿಳಿಸಿ. ವ್ಯಾಪಾರಿಗಳು ಆ ಸಮಿತಿಯಲ್ಲಿ ಹಕ್ಕಿನಿಂದ ಕೂರುತ್ತಾರೆ, ಯಾರ ದಯೆಯಿಂದಲೂ ಅಲ್ಲ. ಒಪ್ಪಿದ್ದನ್ನು ಬರೆದು, ಅಲ್ಲೇ ಜೋರಾಗಿ ಓದಿ ಹೇಳಿ, ಒಂದು ತಿಂಗಳು ನೋಡಿ ಮತ್ತೆ ಸೇರಿ.